ಬಳ್ಳಿ ಗಟ್ಟಿ ಇತ್ತು, ಕಂಬ ಇರಲಿಲ್ಲ

ಕಳೆದ ಜುಲೈನಲ್ಲಿ ಒಂದು ರಾತ್ರಿ ಬಮ್ಮಿಗಟ್ಟಿಯ ನಮ್ಮ ಮನೆ ಹಿತ್ತಲಲ್ಲಿ ದಪ್ ಅಂತ ಸಪ್ಪಳ ಆಯ್ತು. ಎಮ್ಮೆ ಹಗ್ಗ ಬಿಚ್ಚಿಕೊಂಡಿರಬೇಕು ಅಂತ ಕಾಕಾ ಬ್ಯಾಟರಿ ಹಿಡಕೊಂಡು ಹೋದ್ರು. ಎಮ್ಮೆ ತನ್ನ ಜಾಗದಲ್ಲೇ ಮೆಲುಕು ಹಾಕ್ತಾ ಮಲಗಿತ್ತು. ಬಿದ್ದಿದ್ದು ನಮ್ಮ ಪ್ಯಾಶನ್ ಫ್ರೂಟ್ ಬಳ್ಳಿ, ಕಂಬ ತಂತಿ ಸಮೇತ. ಮಳೆಯಲ್ಲಿ ನಿಂತು ಕಾಕಾ ಕೇಳಿದ್ದು ಒಂದೇ ಮಾತು: "ಏನ್ರಲೇ, ಒಂದು ಹಂದರ ನಿಲ್ಲಸೂದು ಇಂಜಿನಿಯರಿಂಗ್‌ನ್ಯಾಗ ಕಲಸಂಗಿಲ್ಲೇನು?"

ಕಲಿಸ್ತಾರೆ. ನಾವೇ ಲೆಕ್ಕ ಮಾಡಿರಲಿಲ್ಲ. ಆ ಲೆಕ್ಕವನ್ನೂ, ಆಮೇಲೆ ಬಳ್ಳಿ ನಮಗೆ ಕಲಿಸಿದ ಇನ್ನೊಂದಿಷ್ಟನ್ನೂ ಇಲ್ಲಿ ಬರೀತಾ ಇದ್ದೀವಿ. 'ನಾವು' ಅಂದ್ರೆ ಕಾಕಾನ ಮಕ್ಕಳು ಸೇರಿ ಮನೆಯ ಮೂರು ಹುಡುಗರು. ಇಂಜಿನಿಯರಿಂಗ್ ಓದೋದು ಅದರಲ್ಲಿ ಒಬ್ಬರೇ. ಹಾಗಾಗಿ ಕೆಲಸ ಮೂರು ಜನದ್ದು, ಬೈಗುಳ ಒಬ್ಬರದ್ದು.

ಬಮ್ಮಿಗಟ್ಟಿ ಕಲಘಟಗಿ ತಾಲೂಕಿನ ಊರು. ತೊಟ್ಟಿಲಿಗೆ ಹೆಸರಾದ ಕಲಘಟಗಿ ಅಂದ್ರೆ ನಿಮಗೆ ಗೊತ್ತಾಗಬಹುದು. ನವಲಗುಂದದ ಕಡೆಯ ಬಯಲು ಒಣ ನೆಲ ನಮ್ಮದಲ್ಲ, ಯಲ್ಲಾಪುರದ ಕಾಡೂ ಅಲ್ಲ, ಎರಡರ ನಡುವೆ ಸಿಕ್ಕಿಕೊಂಡ ಜಾಗ. ಭತ್ತ, ಗೋವಿನಜೋಳ, ಸೋಯಾ ಬೆಳೀತೀವಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಕು ಅನ್ನಿಸುವಷ್ಟು ಮಳೆ, ಆಮೇಲೆ ಬೋರ್‌ವೆಲ್ಲಿನ ಮುಖ ನೋಡೋದು. ಇಂಥ ಕಡೆ ಹಿತ್ತಲಲ್ಲಿ ಹಣ್ಣಿನ ಬಳ್ಳಿ ಬೇಕು ಅಂತ ನಾವು ಹಟ ಹಿಡಿದಾಗ ಮೊದಲು ನೆನಪಾಗಿದ್ದು ದ್ರಾಕ್ಷಿ. ಅದನ್ನ ಆಯಿ ಬೇಡ ಅಂದ್ಲು. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.) ಅವಳು ಹೇಳಿದ್ದೇ ಸರಿ. ವಿಜಯಪುರದಲ್ಲಿ ದ್ರಾಕ್ಷಿ ಚೆನ್ನಾಗಿ ಬರೋದು ಅಲ್ಲಿ ಮಳೆ ಕಮ್ಮಿ, ಗಾಳಿ ಒಣ ಅಂತಲೇ. ನಮ್ಮ ಮಳೆಗಾಲದ ಒದ್ದೆಯಲ್ಲಿ ಎಲೆಗೆ ಬೂಜು ರೋಗ ಹತ್ತುತ್ತೆ, ವಾರಕ್ಕೊಮ್ಮೆ ಔಷಧಿ ಹೊಡೀತಾ ಕೂರಬೇಕು. ಹಾಸ್ಟೆಲಿನಲ್ಲಿ ಇರೋರಿಗೆ ಅದು ಆಗೋ ಮಾತಲ್ಲ.

ಪ್ಯಾಶನ್ ಫ್ರೂಟ್ ಹಾಗಲ್ಲ. ಇದು ದಕ್ಷಿಣ ಅಮೆರಿಕದಿಂದ ಬಂದ ಬಳ್ಳಿ. ಕೊಡಗಿನಲ್ಲಿ ಹಳೇ ಪರಿಚಯ, ಅಲ್ಲಿನ ಸ್ಕ್ವಾಷ್ ಬಾಟಲಿಗಳನ್ನ ನೀವು ಮಡಿಕೇರಿ ಟ್ರಿಪ್ಪಿನಲ್ಲಿ ನೋಡಿರ್ತೀರಿ. ಮುಖ್ಯವಾಗಿ ಎರಡು ಬಗೆ: ನೇರಳೆ ಮತ್ತು ಹಳದಿ. ನೇರಳೆಗೆ ಎತ್ತರದ ತಂಪು ಜಾಗ ಇಷ್ಟ, ಹಳದಿ ತಗ್ಗಿನ ಸೆಖೆಯನ್ನೂ ತಡಕೊಳ್ಳುತ್ತೆ. ಎರಡನ್ನೂ ಕೂಡಿಸಿ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು 'ಕಾವೇರಿ' ಅನ್ನೋ ತಳಿ ಮಾಡಿದ್ದಾರೆ. ನಮಗೆ ಆಗ ಇಷ್ಟೆಲ್ಲ ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಹಳದಿ ಹಣ್ಣು ಕೊಂಡು ತಿಂದ್ವಿ, ಬೀಜ ತೊಳೆದು ಹಾಲಿನ ಪ್ಯಾಕೆಟ್ಟಿನ ಮಣ್ಣಿಗೆ ಹಾಕಿದ್ವಿ. ಪಿಯುಸಿ ಮುಗಿದ ಆ ಜೂನ್‌ನಲ್ಲಿ ಮೂರು ಸಸಿ ಬದುಕಿದ್ವು.

ಮೂರನ್ನೂ ಹಿತ್ತಲಲ್ಲಿ ಬೇರೆ ಬೇರೆ ಕಡೆ ಹಚ್ಚಿದ್ವಿ. ಉದ್ದ, ಅಗಲ, ಆಳ 45 ಸೆಂಟಿಮೀಟರಿನ ಗುಂಡಿ, ಒಳಗೆ ತಿಪ್ಪೆ ಗೊಬ್ಬರ. ತಗ್ಗಿನಲ್ಲಿದ್ದ ಎರಡು ಆಗಸ್ಟಿನ ಹೊತ್ತಿಗೆ ಬುಡ ಕೊಳೆತು ಸತ್ತವು. ಈ ಬಳ್ಳಿ ಬಿಸಿಲು ತಡೆಯುತ್ತೆ, ಬಡ ಮಣ್ಣು ತಡೆಯುತ್ತೆ, ಆದ್ರೆ ಬುಡದಲ್ಲಿ ನಿಂತ ನೀರು ತಡೆಯಲ್ಲ. ಬಚ್ಚಲು ನೀರು ಹರಿದುಹೋಗೋ ದಂಡೆಯ ಏರಿನಲ್ಲಿ ಇದ್ದ ಒಂದು ಮಾತ್ರ ಉಳೀತು. ಒಂದೇ ಉಳಿದಿದ್ದು ಮುಂದೆ ಎಷ್ಟು ದೊಡ್ಡ ತೊಂದರೆ ಆಗುತ್ತೆ ಅನ್ನೋದು ಆಗ ಹೊಳೆದಿರಲಿಲ್ಲ.

ಉಳಿದ ಒಂದು ಮಾತ್ರ ಹುಚ್ಚು ಹಿಡಿದಂಗೆ ಬೆಳೀತು. ಅಡ್ಡ ಚಿಗುರನ್ನೆಲ್ಲ ಚಿವುಟಿ ಒಂದೇ ಕಾಂಡವನ್ನ ತಂತಿವರೆಗೆ ಹತ್ತಿಸಬೇಕು, ತಂತಿ ಮುಟ್ಟಿದ ಮೇಲೆ ತುದಿ ಚಿವುಟಿ ಎಡಕ್ಕೊಂದು ಬಲಕ್ಕೊಂದು ಕೈ ಬಿಡಬೇಕು, ಆ ಕೈಗಳಿಂದ ಸಣ್ಣ ಕೊಂಬೆಗಳು ಪರದೆ ಹಾಗೆ ಕೆಳಗೆ ಇಳೀಬೇಕು. ಇದನ್ನ ಸರಿಯಾಗೇ ಮಾಡಿದ್ವಿ.

ಬಳ್ಳಿ ಹತ್ತೋದನ್ನ ಒಂದು ಸಲ ಕೂತು ನೋಡಿ. ಪ್ರತಿ ಎಲೆಯ ಬುಡದಿಂದ ಒಂದು ತೆಳು ಎಳೆ ಬರುತ್ತೆ, ಟೆಂಡ್ರಿಲ್. ಪುಸ್ತಕದ ಕನ್ನಡದಲ್ಲಿ ಲತಾತಂತು. ಅದು ಗಾಳಿಯಲ್ಲಿ ನಿಧಾನ ಸುತ್ತು ಹಾಕ್ತಾ ಏನಾದ್ರೂ ಸಿಗುತ್ತಾ ಅಂತ ಹುಡುಕ್ತಾ ಇರುತ್ತೆ. ಚಾರ್ಲ್ಸ್ ಡಾರ್ವಿನ್ ಈ ಹತ್ತುವ ಗಿಡಗಳ ಮೇಲೆಯೇ 1865ರಲ್ಲಿ ಒಂದು ಉದ್ದನೆಯ ಪ್ರಬಂಧ ಬರೆದ, 1875ರಲ್ಲಿ ಅದು ಪುಸ್ತಕವಾಗಿ ಬಂತು. ಪ್ಯಾಶನ್ ಫ್ರೂಟಿನದೇ ಕುಲದ ಒಂದು ಬಳ್ಳಿಯ ಎಳೆಯನ್ನ ಮುಟ್ಟಿದ್ರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಅದು ಬಾಗೋದನ್ನ ಅವನು ಅಳೆದು ಬರೆದಿದ್ದಾನೆ. ತುದಿ ತಂತಿಯನ್ನ ಹಿಡಿದ ಮೇಲೆ ಇನ್ನೊಂದು ಮಜಾ ಇದೆ. ನಡುವಿನ ಭಾಗ ಸ್ಪ್ರಿಂಗ್ ಆಗಿ ಸುರುಳಿ ಸುತ್ತುತ್ತೆ, ಆದ್ರೆ ಅರ್ಧ ಸುರುಳಿ ಬಲಕ್ಕೆ, ಅರ್ಧ ಎಡಕ್ಕೆ, ಮಧ್ಯದಲ್ಲಿ ಒಂದು ಸಣ್ಣ ನೇರ ತುಂಡು. ಯಾಕೆ? ಎರಡೂ ತುದಿ ಕಟ್ಟಿದ ದಾರವನ್ನ ಒಂದೇ ಕಡೆಗೆ ಸುರುಳಿ ಮಾಡೋಕೆ ಬರಲ್ಲ, ಒಂದು ಕಡೆ ಎಷ್ಟು ತಿರುವೋ ಇನ್ನೊಂದು ಕಡೆ ಅಷ್ಟೇ ಉಲ್ಟಾ ತಿರುವು ಬೇಕು. ಹಳೇ ಲ್ಯಾಂಡ್‌ಲೈನ್ ಫೋನಿನ ವೈರಿನಲ್ಲಿ ಹೀಗೇ ಒಂದು ಗಂಟು ಬೀಳ್ತಿತ್ತು ಅಂತ ಅಪ್ಪ ಹೇಳ್ತಾರೆ. ಈ ಸ್ಪ್ರಿಂಗ್ ಇರೋದ್ರಿಂದಲೇ ಗಾಳಿ ಎಳೆದಾಗ ಬಳ್ಳಿ ತುಸು ಜಗ್ಗಿ ಮತ್ತೆ ಜಾಗಕ್ಕೆ ಬರುತ್ತೆ, ಹರಿಯಲ್ಲ.

ಅಂದ್ರೆ ಬಳ್ಳಿ ತನ್ನ ಪಾಲಿನ ಇಂಜಿನಿಯರಿಂಗ್ ಮುಗಿಸಿಯೇ ಬಂದಿರುತ್ತೆ. ಮರ ತನ್ನ ಭಾರ ಹೊರೋಕೆ ಕಟ್ಟಿಗೆ ಕಟ್ಟುತ್ತೆ, ಬಳ್ಳಿ ಆ ಖರ್ಚು ಮಾಡಲ್ಲ, ಉಳಿಸಿದ್ದನ್ನೆಲ್ಲ ಉದ್ದ ಬೆಳೆಯೋಕೆ ಹಾಕುತ್ತೆ. ಕಟ್ಟಿಗೆಯ ಕೆಲಸ ನಮ್ಮ ತಲೆಗೆ.

ನಮ್ಮ ಕೆಲಸ ಹೀಗಿತ್ತು: ಎರಡು ನೀಲಗಿರಿ ಕಂಬ, ನಡುವೆ 6 ಮೀಟರ್, ನೆಲದಿಂದ 2 ಮೀಟರ್ ಎತ್ತರದಲ್ಲಿ ಒಂದು ಎಳೆ 12 ಗೇಜ್ ಜಿಐ ತಂತಿ. ಕಂಬ ಹೂತಿದ್ದು ಒಂದೂವರೆ ಫೂಟ್. ಆಯಿ ನೋಡಿ "ಇದೇನು ಹಂದರನೋ, ಅರಿವಿ ಒಣ ಹಾಕೂ ಹಗ್ಗನೋ?" ಅಂದಿದ್ಲು. ನಾವು ನಕ್ಕು ತಂತಿಯನ್ನ ಇನ್ನಷ್ಟು ಬಿಗಿದ್ವಿ. ಸ್ಕೇಲ್ ಇಟ್ಟ ಹಾಗೆ ನೆಟ್ಟಗೆ ಇರಬೇಕು ಅಂತ ಆಸೆ. ಅಲ್ಲೇ ತಪ್ಪಿದ್ದು.

ಬಿದ್ದ ಮರುದಿನ ಒಂದು ಮೀಟರ್ ಉದ್ದದ ಒದ್ದೆ ಬಳ್ಳಿ ಕತ್ತರಿಸಿ ಸೋಯಾ ತೂಗೋ ತಕ್ಕಡಿಗೆ ಹಾಕಿದ್ವಿ. ಎಲೆ, ಕಾಂಡ, ನೀರು ಎಲ್ಲ ಸೇರಿ 10 ಕೆಜಿಗೆ ಸ್ವಲ್ಪ ಕಮ್ಮಿ. 10 ಅಂತಲೇ ಇಟ್ಕೊಳ್ಳಿ. ಒಟ್ಟು 60 ಕೆಜಿ, ಒಬ್ಬ ಮನುಷ್ಯನಷ್ಟು. 12 ಗೇಜ್ ತಂತಿಗೆ 60 ಕೆಜಿ ಏನು ಮಹಾ ಅನ್ನಿಸುತ್ತೆ. ನೆಟ್ಟಗೆ ಕೆಳಗೆ ತೂಗುಹಾಕಿದ್ರೆ ಮಹಾ ಅಲ್ಲ, ಅಡ್ಡ ಕಟ್ಟಿದಾಗ ಲೆಕ್ಕ ಬೇರೆ. ಮೆಕ್ಯಾನಿಕ್ಸ್‌ನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ ಕೇಬಲ್ ಸೂತ್ರ ನೆನಪಿದ್ಯಾ? ಮೀಟರಿಗೆ ಇರೋ ಭಾರವನ್ನ ಕಂಬಗಳ ಅಂತರದ ವರ್ಗದಿಂದ ಗುಣಿಸಿ, ತಂತಿ ಎಷ್ಟು ಜೋತುಬಿದ್ದಿದೆಯೋ ಅದರ ಎಂಟು ಪಟ್ಟಿನಿಂದ ಭಾಗಿಸಿ. ಬರೋದು ಅಡ್ಡ ಎಳೆತ.

ತಂತಿ ನಡುವೆ ಬರೀ 10 ಸೆಂಟಿಮೀಟರ್ ಜೋತುಬಿದ್ದಿದೆ ಅಂದ್ಕೊಳ್ಳಿ. 10 ಗುಣಿಸು 36, ಭಾಗಿಸು 0.8. ಉತ್ತರ 450 ಕೆಜಿ! 60 ಕೆಜಿಯ ಬಳ್ಳಿ ಎರಡೂ ಕಂಬಗಳನ್ನ 450 ಕೆಜಿ ಜೋರಿನಲ್ಲಿ ಒಳಗೆ ಎಳೀತಾ ಇತ್ತು. ಅದೇ ತಂತಿ 30 ಸೆಂಟಿಮೀಟರ್ ಜೋಲಲು ಬಿಟ್ಟಿದ್ರೆ 150 ಕೆಜಿ. ಅಂದ್ರೆ ನಮ್ಮ 'ನೆಟ್ಟಗೆ ಕಾಣಬೇಕು' ಅನ್ನೋ ಆಸೆಗೆ ಮೂರು ಪಟ್ಟು ದಂಡ. ವಿದ್ಯುತ್ ಲೈನಿನವರು ತಂತಿಯನ್ನ ಜೋಲು ಬಿಟ್ಟು ಕಟ್ಟೋದು ಸೋಮಾರಿತನದಿಂದಲ್ಲ ಅನ್ನೋದು ಆವತ್ತು ಮೈಗೆ ಹತ್ತಿತು.

ಇನ್ನು ಈ 12 ಗೇಜ್ ತಂತಿಯ ದಪ್ಪ ಸುಮಾರು 2.6 ಮಿಲಿಮೀಟರ್. ಅಷ್ಟು ಎಳೆತಕ್ಕೆ ಸ್ಟ್ರೆಸ್ 800 ಮೆಗಾಪಾಸ್ಕಲ್ ದಾಟುತ್ತೆ, ಬೇಲಿಗೆ ಬಳಸೋ ಮೆತ್ತನೆ ತಂತಿಗೆ ಅದು ಆಗೋ ಮಾತಲ್ಲ. ಆದ್ರೂ ನಮ್ಮ ತಂತಿ ಹರಿಯಲಿಲ್ಲ, ಯಾಕಂದ್ರೆ ಅಷ್ಟು ಎಳೆತ ಬರೋಕೆ ಮುಂಚೆಯೇ ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಕಂಬ ವಾಲ್ತು. ತಂತಿ ತನಗೆ ಬೇಕಾದ ಜೋಲನ್ನ ಕಂಬ ಬೀಳಿಸಿ ತಗೊಂಡಿತು ಅಂತ ಹೇಳಬಹುದು.

ಕಾಕಾ ಮರುದಿನ ಬೆಳಿಗ್ಗೆಯೇ ಕುಡಗೋಲು ತಂದು ನಿಂತ್ರು. ಅವರ ಸಿಟ್ಟು ಕಂಬದ್ದಷ್ಟೇ ಅಲ್ಲ. ಏಪ್ರಿಲ್-ಮೇನಲ್ಲಿ ಬಳ್ಳಿ ತುಂಬ ಹೂ ಬಿಟ್ಟಿತ್ತು, ಒಂದೇ ಒಂದು ಕಾಯಿ ಹಿಡಿದಿರಲಿಲ್ಲ. "ಹೂವಿಗೆ ಕೃಷ್ಣಕಮಲ ಸಾಕಲ್ಲ, ಇದ್ಯಾಕ? ಕಡದು ಒಗದು ಅಲ್ಲಿ ಹೀರಿಬಳ್ಳಿ ಹಚ್ಚೂಣು." ಆಯಿ ನಡುವೆ ಬಂದು "ದೀಪಾವಳಿ ತನಕ ಇರಲಿ. ಕಾಯಿ ಬರಲಿಲ್ಲಂದ್ರ ನಾನ ಕಡೀತೇನಿ" ಅಂದ್ಲು. ಆಯಿ ಹೇಳಿದ್ರೆ ಮಾಡೋಳು.

ಮೂರುವರೆ ತಿಂಗಳು ಸಿಕ್ಕಿತು. ಮುಖ್ಯ ಕಾಂಡ ಮುರಿದಿರಲಿಲ್ಲ. ತೂಗುತ್ತಿದ್ದ ಕೊಂಬೆಗಳನ್ನೆಲ್ಲ ಎರಡು ಕಣ್ಣು ಬಿಟ್ಟು ಕತ್ತರಿಸಿದ್ವಿ. ಈ ಬಳ್ಳಿಯಲ್ಲಿ ಹೂ ಬರೋದು ಹೊಸ ಚಿಗುರಿನ ಮೇಲೆ, ಹಾಗಾಗಿ ಕತ್ತರಿಸಿದ್ದು ನಷ್ಟ ಅಲ್ಲ. ಕತ್ತರಿಸಿದ ಎಲೆಯನ್ನ ಎಮ್ಮೆಗೆ ಮಾತ್ರ ಹಾಕಬೇಡಿ, ಎಲೆಯಲ್ಲೂ ಹಸಿ ಕಾಯಲ್ಲೂ ಸಯನೈಡ್ ಬಿಡುಗಡೆ ಮಾಡೋ ಅಂಶ ಇರುತ್ತೆ.

ಈ ಸಲ ಕಂಬ ಎರಡೂವರೆ ಫೂಟ್ ಆಳಕ್ಕೆ ಹೋಯ್ತು, ಸುತ್ತ ಕಲ್ಲು ಬಡಿದ್ವಿ. ನಡುವೆ ಮೂರನೇ ಕಂಬ ಬಂತು. ಸೂತ್ರದಲ್ಲಿ ಅಂತರಕ್ಕೆ ವರ್ಗ ಇದೆಯಲ್ಲ, 6 ಮೀಟರ್ 3 ಆದ್ರೆ ಎಳೆತ ಅರ್ಧ ಅಲ್ಲ, ಕಾಲು ಭಾಗ ಆಗುತ್ತೆ: 112 ಕೆಜಿ. ಜೊತೆಗೆ ಜೋಲನ್ನ 15 ಸೆಂಟಿಮೀಟರಿಗೆ ಬಿಟ್ಟಾಗ 75ಕ್ಕೆ ಇಳೀತು. ಒಂದು ಕಂಬ ಮತ್ತು ಒಂದಿಷ್ಟು ಸಡಿಲು, 450 ಇದ್ದಿದ್ದು 75. ತುದಿಯ ಎರಡು ಕಂಬಗಳ ತಲೆಯಿಂದ ಹೊರಕ್ಕೆ ಓರೆಯಾಗಿ ತಂತಿ ಎಳೆದು, ನೆಲದಲ್ಲಿ ಹೂತ ದೊಡ್ಡ ಕಲ್ಲಿಗೆ ಬಿಗಿದ್ವಿ. ಕರೆಂಟ್ ಕಂಬಕ್ಕೆ ಇರುತ್ತಲ್ಲ, ಹಾಗೆ. ನೀವು ಮನೆಯಲ್ಲಿ ತೊಂಡೆ, ಅವರೆ, ಮಲ್ಲಿಗೆ ಏನೇ ಹಬ್ಬಿಸಿ, ತುದಿ ಕಂಬಕ್ಕೆ ಈ ಹೊರ ಎಳೆತ ಕೊಡದೆ ಬಿಡಬೇಡಿ. ಬಳ್ಳಿ ಸಣ್ಣದಿದ್ದಾಗ ಕಟ್ಟಿದ ಹಂದರವನ್ನ ಮಳೆಯಲ್ಲಿ ತೊಯ್ದ ಬಳ್ಳಿಯ ತೂಕಕ್ಕೆ ಲೆಕ್ಕ ಹಾಕಬೇಕು.

ಹಂದರದ ಸಮಸ್ಯೆ ಅಲ್ಲಿಗೆ ಮುಗೀತು. ಕಾಯಿ?

ಸೆಪ್ಟೆಂಬರ್ ಕೊನೆಗೆ ಮತ್ತೆ ಹೂ ಶುರುವಾದ್ವು. ಈ ಹೂ ನೋಡಿಲ್ಲದವರಿಗೆ ಹೇಳೋದು ಕಷ್ಟ. ಬಿಳಿ ಎಸಳು, ಮೇಲೆ ನೇರಳೆ-ಬಿಳಿ ದಾರದ ಚಕ್ರ, ನಡುವೆ ಒಂದು ಕಂಬ, ಕಂಬದಿಂದ ಕೆಳಮುಖವಾಗಿ ಐದು ಪರಾಗಕೋಶ, ಎಲ್ಲಕ್ಕಿಂತ ಮೇಲೆ ಮೂರು ಶಲಾಕೆ. ಸ್ಪೇನಿನ ಪಾದ್ರಿಗಳು ಇದರಲ್ಲಿ ಏಸುವಿನ ಮುಳ್ಳಿನ ಕಿರೀಟ, ಐದು ಗಾಯ, ಮೂರು ಮೊಳೆ ಕಂಡರು. 'ಪ್ಯಾಶನ್' ಅಂದ್ರೆ ಇಲ್ಲಿ ಪ್ರೀತಿ ಅಲ್ಲ, ಏಸು ಪಟ್ಟ ಯಾತನೆ. ನಮ್ಮವರು ಇದೇ ಕುಲದ ಕೃಷ್ಣಕಮಲದಲ್ಲಿ ನೂರು ಕೌರವರನ್ನೂ ಐದು ಪಾಂಡವರನ್ನೂ ಎಣಿಸ್ತಾರೆ. ಕಾಕಾ ಬಾಯಲ್ಲಿ ಕೃಷ್ಣಕಮಲ ಬಂದಿದ್ದು ಸುಮ್ಮನೆ ಅಲ್ಲ.

ನಾವು ಹೂವಿನ ಮುಂದೆ ಕೂತು ನೋಡಿದ್ವಿ. ಹಳದಿ ಬಗೆಯ ಹೂ ಅರಳೋದು ಮಧ್ಯಾಹ್ನದ ಹೊತ್ತಿಗೆ, ರಾತ್ರಿ ಮುಚ್ಚಿತು ಅಂದ್ರೆ ಮುಗೀತು, ಮಾರನೇ ದಿನ ಇಲ್ಲ. ಅರಳಿದಾಗ ಮೂರು ಶಲಾಕೆಗಳು ಆಕಾಶ ನೋಡ್ತಾ ಇರುತ್ತವೆ. ಒಂದು-ಒಂದೂವರೆ ಗಂಟೆಯಲ್ಲಿ ನಿಧಾನ ಬಾಗಿ ಪರಾಗಕೋಶಗಳ ಮಟ್ಟಕ್ಕೆ ಇಳೀತವೆ. ಆಗ ಕೆಳಗೆ ಮಕರಂದ ಕುಡಿಯೋ ಹುಳದ ಬೆನ್ನಿಗೆ ಎರಡೂ ತಾಗಬೇಕು. ಜೇನುಹುಳ ಬರ್ತಿತ್ತು, ಆದ್ರೆ ಅದು ಸಣ್ಣದು, ಪರಾಗ ಕಿತ್ತುಕೊಂಡು ಶಲಾಕೆ ಮುಟ್ಟದೆ ಹೋಗ್ತಿತ್ತು. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಕ್ಲಿಯರೆನ್ಸ್ ಜಾಸ್ತಿ. ಈ ಹೂವಿಗೆ ಸರಿಯಾದ ಅಳತೆಯ ಹುಳ ಅಂದ್ರೆ ದಪ್ಪ ಕರಿ ಮೈಯ, ನೀಲಿ ಹೊಳೆಯೋ ರೆಕ್ಕೆಯ, ಕಟ್ಟಿಗೆ ಕೊರೆದು ಗೂಡು ಮಾಡೋ ಕಾರ್ಪೆಂಟರ್ ಬೀ. ಊರಲ್ಲಿ ಗುಂಗಿ ಹುಳ ಅಂತಾರೆ. ಅದು ಒಂದೂ ಕಾಣಲಿಲ್ಲ. ಕಾಣೋದು ಹೇಗೆ? ದನದ ಕೊಟ್ಟಿಗೆ ಜಂತಿಯಲ್ಲಿ ಅವು ಕೊರೆದ ತೂತಿಗೆಲ್ಲ ಹಿಂದಿನ ಬ್ಯಾಸಿಗೆಯಲ್ಲಿ ಸೀಮೆಎಣ್ಣೆ ಅರಿವಿ ತುರುಕಿ ಮುಚ್ಚಿದ್ದು ನಾವೇ, ಕಾಕಾ ಹೇಳಿದ್ರು ಅಂತ.

ಕೈಯಿಂದ ಪರಾಗ ಹಚ್ಚೋಣ ಅಂತ ಹೊರಟಾಗ ಇನ್ನೊಂದು ವಿಷಯ ಓದಿದ್ವಿ. ಹಳದಿ ಬಗೆಯ ಬಳ್ಳಿ ತನ್ನ ಪರಾಗವನ್ನ ತಾನೇ ಒಪ್ಪಲ್ಲ. ಬೇರೆ ಬಳ್ಳಿಯದೇ ಬೇಕು. ನೇರಳೆಗೆ ಈ ಕಟ್ಟುಪಾಡು ಇಲ್ಲ. ತಗ್ಗಿನಲ್ಲಿ ಹಚ್ಚಿ ಸಾಯಿಸಿದ ಆ ಎರಡು ಸಸಿಗಳ ನೆನಪು ಬಂದು ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇನ್ನೊಂದು ಬಳ್ಳಿ ಹಚ್ಚಿ ಹೂ ಬರೋವರೆಗೆ ಕಾಯೋಕೆ ದೀಪಾವಳಿ ಬಿಡಲ್ಲ.

ಯಲ್ಲಾಪುರದ ಕಡೆ ನಮ್ಮ ಅತ್ತಿಯ ಮನೆ ಇದೆ, ಅವರ ಬೇಲಿಯಲ್ಲಿ ಹಳದಿ ಬಳ್ಳಿ ಇದೆ ಅಂತ ಫೋನಿನಲ್ಲಿ ಗೊತ್ತಾಯ್ತು. ದಸರಾ ರಜೆಯ ಒಂದು ದಿನ ಬೆಳಿಗ್ಗೆ ಬಸ್ ಹತ್ತಿ ಹೋದ್ವಿ. ಹನ್ನೆರಡೂವರೆಗೆ ಅರಳಿದ ಆರು ಹೂ ಕಿತ್ತು, ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಒಣ ಪೇಪರ್ ಹಾಸಿ ಇಟ್ಟುಕೊಂಡು ವಾಪಸ್ ಬಸ್. ನೀರು ತಾಗಿದ್ರೆ ಈ ಪರಾಗ ಉಬ್ಬಿ ಒಡೆದು ಕೆಲಸಕ್ಕೆ ಬಾರದಂಗೆ ಆಗುತ್ತೆ, ಅದಕ್ಕೆ ಒಣ ಪೇಪರ್. ಮಳೆ ಬಿದ್ದ ಮಧ್ಯಾಹ್ನ ಕಾಯಿ ಹಿಡಿಯದೇ ಇರೋದೂ ಅದಕ್ಕೇ. ಆ ದಿನ ಪೂರ್ತಿ ಮೋಡ ನೋಡ್ತಾ ಬಂದ್ವಿ. "ಡಬ್ಬ್ಯಾಗ ಏನ್ ಐತಿ?" ಅಂತ ಕಂಡಕ್ಟರ್ ಕೇಳಿದ್ರು. "ಹೂವ್ರಿ" ಅಂದ್ವಿ. "ದೇವರಿಗೇನು?" ಅಂದ್ರು. ಹೂಂ ಅಂದುಬಿಟ್ವಿ, ವಿವರಿಸೋ ಶಕ್ತಿ ಇರಲಿಲ್ಲ.

ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ನಮ್ಮ ಬಳ್ಳಿಯಲ್ಲಿ 14 ಹೂ ಅರಳಿದ್ವು, ಶಲಾಕೆ ಬಾಗಿದ್ವು. 11 ಹೂವಿಗೆ ಅತ್ತಿ ಮನೆ ಪರಾಗವನ್ನ ಶಲಾಕೆಯ ಮೂರೂ ತುದಿಗೆ ತಿಕ್ಕಿದ್ವಿ. ಉಳಿದ 3ಕ್ಕೆ ಬೇಕಂತಲೇ ನಮ್ಮದೇ ಬಳ್ಳಿಯ ಪರಾಗ ಹಚ್ಚಿ ಕೆಂಪು ದಾರ ಕಟ್ಟಿದ್ವಿ, ಹೋಲಿಸಿ ನೋಡೋಕೆ. ನಾಲ್ಕು ದಿನಕ್ಕೆ ಕೆಂಪು ದಾರದ ಮೂರೂ ಹಳದಿಯಾಗಿ ಉದುರಿದ್ವು. 11ರಲ್ಲಿ 8 ಉಳಿದು, ನಡುವಿನ ಹಸಿರು ಗುಂಡು ದಿನದಿನಕ್ಕೆ ದಪ್ಪ ಆಗ್ತಾ ಹೋಯ್ತು.

ದೀಪಾವಳಿಗೆ ಅವು ಕೋಳಿ ಮೊಟ್ಟೆಗಿಂತ ದೊಡ್ಡದಾಗಿ, ಹಸಿರಾಗಿ ತೂಗ್ತಾ ಇದ್ವು. ಕಾಕಾ ಒಂದೊಂದನ್ನೂ ಬೆರಳಿನಲ್ಲಿ ಎತ್ತಿ ಎಣಿಸಿದ್ರು. ಏನೂ ಅನ್ನಲಿಲ್ಲ. ಸಂಜೆ ನೋಡಿದ್ರೆ ಹೊರ ಎಳೆತದ ತಂತಿ ಒಂದು ಕಡೆ ಸಡಿಲಾಗಿದ್ದನ್ನ ಅವರೇ ಬಿಗಿದಿದ್ರು.

ಹಣ್ಣು ಬಳ್ಳಿಯಿಂದ ಕೀಳೋದಲ್ಲ. ಮಾಗಿದ್ದು ತಾನೇ ಕೆಳಗೆ ಬೀಳುತ್ತೆ, ಬೆಳಿಗ್ಗೆ ಎದ್ದು ಆರಿಸಿಕೊಳ್ಳೋದು. ಎರಡು ದಿನ ಇಟ್ಟು ಸಿಪ್ಪೆ ಸುಕ್ಕಾದ ಮೇಲೆ ತಿಂದ್ರೆ ಹುಳಿ ತಗ್ಗುತ್ತೆ. ಡಿಸೆಂಬರ್ ನಡುವಿನಿಂದ ಬೀಳೋಕೆ ಶುರುವಾಗಿ ಎಂಟರಲ್ಲಿ ಏಳು ನಮಗೆ, ಒಂದು ಇಲಿಗೆ. ಆಯಿ ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡಿದ್ಲು. ಬೀಜ ಸೋಸೋದು ಬೇಡ ಅಂತ ನಾವು, ಬೇಕು ಅಂತ ಅವಳು. ಅವಳೇ ಗೆದ್ದಳು.

ಗುಂಗಿ ಹುಳದ ವಿಷಯದಲ್ಲಿ ಕಾಕಾ ಜೊತೆ ಒಪ್ಪಂದ ಆಗಿದೆ. ಜಂತಿ ಕೊರೆದ್ರೆ ಮುಚ್ಚೋದೇ. ಆದ್ರೆ ಕೊಟ್ಟಿಗೆಯ ಹೊರಗೋಡೆಗೆ ಒಂದು ಹೊರೆ ಒಣ ಬಿದಿರು ಅಡ್ಡ ಕಟ್ಟಿದ್ದೀವಿ, ಅದನ್ನ ಅವರು ಮುಟ್ಟಂಗಿಲ್ಲ. ಹೋದ ವಾರ ಒಂದು ಬಿದಿರಿನ ಕೆಳಗೆ ಹೊಸ ಪುಡಿ ಉದುರಿತ್ತು. ಅತ್ತಿ ಮನೆಯಿಂದ ತಂದ ಕಡ್ಡಿಯೂ ಏರಿನಲ್ಲಿ ಚಿಗುರಿದೆ.

ಸೋಸಿದ ಆ ಬೀಜ ತೊಳೆದು, ಒಣಗಿಸಿ ಹಾಸ್ಟೆಲಿಗೆ ತಂದಿದ್ದೀವಿ. ಬೇಕಾದವರು ಶನಿವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ. ಬರೀ ನಮ್ಮ ಬೀಜ ನಂಬಬೇಡಿ, ಬೇರೆ ಊರಿನ ಇನ್ನೊಂದು ಹಣ್ಣಿನ ಬೀಜವನ್ನೂ ಜೊತೆಗೆ ಹಾಕಿ. ಕಂಬದ ಗುಂಡಿಯನ್ನ ಸಸಿಯ ಗುಂಡಿಗಿಂತ ಮೊದಲೇ ತೋಡಿ.